ಬದುಕಿರುವ ಮೀನಿಗೊಂದು ಪಂಪು

ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನುಗಳನ್ನು ಜೀವಂತ ಇಡಲು ನನ್ನ ಕಯಾಕ್ ದೋಣಿಯಲ್ಲಿ ನೀರಿನ ಡಬ್ಬವೊಂದಿದೆ. ಆ ನೀರು ನಿಲ್ಲದೆ ಸುತ್ತುತ್ತಿರುವಂತೆ ಮಾಡುವ ಪುಟ್ಟ ಪಂಪು ಕೂರಿಸಲು ಗೋವಿಂದರಾಜನಗರದ ಮೋಟರ್ ಮೆಕ್ಯಾನಿಕ್ ಒಬ್ಬರಿಗೆ ಡಬ್ಬ ಕೊಟ್ಟೆ.

"ಅಣ್ಣ, ಪಂಪು ಡಬ್ಬದ ತಳದಲ್ಲಿರಬೇಕು" ಎಂದೆ.

"ಮೂವತ್ತು ವರ್ಷದಿಂದ ಮನೆ ಸಂಪುಗಳಿಗೆ ಮೋಟರ್ ಕೂರಿಸ್ತಾ ಇದೀನಿ, ನಂಗೇ ಹೇಳ್ಕೊಡ್ತೀರಾ ಸಾರ್?" ಎಂದು ಮುಚ್ಚಳಕ್ಕೇ ಕೂರಿಸಿದರು.

ಭಾನುವಾರ ದೋಣಿ ಅಲುಗಾಡಿದ್ದೇ ತಡ, ಪಂಪು ಗಾಳಿ ಹಿಡಿದು ನೀರೆತ್ತುವುದನ್ನು ನಿಲ್ಲಿಸಿತು. ಮುಚ್ಚಳ ತೆರೆದರೆ ಮೀನೆಲ್ಲ ಸತ್ತು ತೇಲುತ್ತಿದ್ದವು. ಮೈಯೆಲ್ಲ ಉರಿದುಹೋಯಿತು. ಡಬ್ಬ ಸಮೇತ ನೇರ ಅಂಗಡಿಗೆ ಹೋಗಿ ಅವರ ಮುಂದೆ ಕುಕ್ಕಿದೆ.

ಅವರು ಇಣುಕಿ ನೋಡಿ ತಣ್ಣಗೆ ಕೇಳಿದರು: "ಹೆಂಗಿದ್ರೂ ಕೊಕ್ಕೆಗೆ ಚುಚ್ಚೋಕೆ ತಾನೇ ಸಾರ್ ಇಟ್ಕೊಂಡಿದ್ದು?"

ಬೈಯಲು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಡಬ್ಬದ ಜೊತೆಗೇ ಮನೆಗೆ ವಾಪಸ್ ಹೊತ್ತು ತಂದೆ. ಪಂಪನ್ನು ಕೊನೆಗೆ ನಾನೇ ತಳಕ್ಕೆ ಕೂರಿಸಿದೆ. ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಉತ್ತರವೂ ಇನ್ನೂ ಹೊಳೆದಿಲ್ಲ.