ಕಾಲುವೆ ಏರಿಯ ಮುಳ್ಳು

ಅವರ ಬಲ ಹಿಮ್ಮಡಿಯ ಮೇಲೆ ಎಕ್ಕದ ಹಾಲು ಬೆಳ್ಳಗೆ ಒಣಗಿತ್ತು. ನೊಣವಿನಕೆರೆಯ ಕಾಲುವೆಗೆ ನೀರು ಬಿಡುತ್ತಿದ್ದ ನೀರುಗಂಟಿ ಅವರು. ಪಾಠ ಹೇಳಲು ನಾನು ಕಾಲುವೆಯ ಏರಿಯ ಮೇಲೆ ಮೆಲ್ಲಗೆ ಸೈಕಲ್ ತುಳಿದು ಹೋಗುತ್ತಿದ್ದೆ. ಅಷ್ಟರೊಳಗೆ ಅವರು ಬರಿಗಾಲಲ್ಲಿ ನಡೆದು ದಾರಿಯ ಜಾಲಿಮುಳ್ಳನ್ನೆಲ್ಲ ಆರಿಸಿರುತ್ತಿದ್ದರು.

“ನೀವು ತುಳೀರಿ ಟೀಚರಮ್ಮ, ಮುಳ್ಳು ನಾ ನೋಡ್ಕತೀನಿ” ಎನ್ನುವುದು ಅವರ ದಿನದ ಮಾತು.

ಅಂದು ಹಿಮ್ಮಡಿಗೆ ಮುಳ್ಳು ಚುಚ್ಚಿಸಿಕೊಂಡು ಕುಂಟುತ್ತಿದ್ದರು. ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ ಎಂದೆ.

“ಮುಳ್ಳಿಗೆಲ್ಲ ಸೂಜಿಯಾ? ಎಕ್ಕದಾಲು ಬುಟ್ಟಿವ್ನಿ, ತಾನೇ ಹೊರಕ್ಕೆ ಬತ್ತದೆ. ಬೆಲ್ ಹೊಡೀತಾರೆ, ನಡೀರಿ.”

ಹೊತ್ತಾಗಿತ್ತು. ಹೊರಟುಬಿಟ್ಟೆ.

ಹತ್ತು ದಿನಕ್ಕೆ ಧನುರ್ವಾಯುವಿನಿಂದ ತೀರಿಕೊಂಡರು. ಮಣ್ಣಿಗೆ ಹೋಗಿಬಂದೆ.

ಮರುದಿನ ಬೆಳಿಗ್ಗೆ ಸೈಕಲ್ಲನ್ನು ತಳ್ಳಿಕೊಂಡು, ಏರಿಯುದ್ದಕ್ಕೂ ಮುಳ್ಳು ಆರಿಸುತ್ತ ನಡೆದೆ. ಶಾಲೆ ಮುಟ್ಟಿದಾಗ ಎರಡನೆಯ ಪೀರಿಯಡ್ ನಡೆಯುತ್ತಿತ್ತು.