ಎಣ್ಣೆ ತಂಪು ಮಾಡಿದ ಮಿಸ್ತ್ರಿ

ಐವತ್ತರ ದಶಕದಲ್ಲಿ ಗಜೇಂದ್ರಗಡದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇತ್ತು. ಅದರ ಆಯಿಲ್ ಇಂಜಿನ್ ನೋಡಿಕೊಳ್ಳುತ್ತಿದ್ದವರು ನರಗುಂದದ ಮಿಸ್ತ್ರಿ. ಇಂಜಿನ್ ಮುಟ್ಟುವ ಮೊದಲು ಅಂಗೈ ಒರೆಸಿಕೊಳ್ಳುವರು. ನಾನು ಯಾವ ದೂರು ಹೇಳಿದರೂ, "ತಡೀರಿ, ಅದನ್ನ ಕೇಳೂಣು" ಎಂದು ಇಂಜಿನ್ನಿಗೇ ಕಿವಿಗೊಡುವರು.

ಒಂದು ಬೇಸಿಗೆಯಲ್ಲಿ ಇಂಜಿನ್ನಿನ ಎಣ್ಣೆ ಕಾದು ನೀರಿನಂತೆ ತೆಳ್ಳಗಾಗಿ, ಬೇರಿಂಗ್ ಮೇಲಿಂದ ಮೇಲೆ ಸುಟ್ಟುಹೋಗತೊಡಗಿತು. ಬೀಸಲು ಬಂದ ಹೆಣ್ಣುಮಕ್ಕಳು ಜೋಳದ ಬುಟ್ಟಿ ಹೊತ್ತು ಹಾಗೇ ಮರಳುತ್ತಿದ್ದರು. ಗಿರಣಿ ಮುಚ್ಚಿಬಿಡುತ್ತೇನೆ ಎಂದೆ.

"ತಡೀರಿ, ಅದನ್ನ ಕೇಳೂಣು" ಎಂದ ಮಿಸ್ತ್ರಿ, ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯನ್ನು ಬಿಚ್ಚಿದರು. ತಾಮ್ರದ ಕೊಳವೆಯನ್ನು ನರಗುಂದದಲ್ಲಿ ಹಾವಿನಂತೆ ಬಗ್ಗಿಸಿ ತಂದು, ಬೆಸುಗೆ ಹಾಕಿ ತೊಟ್ಟಿಯೊಳಗೇ ಕೂರಿಸಿದರು. ಹೊರಗಿನ ಟಾಕಿಯ ತಣ್ಣೀರು ಆ ಕೊಳವೆಯಲ್ಲಿ ಹರಿಯುವಂತೆ ಮಾಡಿದರು.

"ಬೆಸುಗಿ ಬಿಟ್ಟು ಎಣ್ಯಾಗ ನೀರು ಕೂಡಿದ್ರ ಇಂಜಿನ್ನ ಹೋತಲ್ರಿ, ಮಿಸ್ತ್ರಿ?" ಎಂದೆ.

"ಅದು ಹೋದ್ರ ನನ್ನ ಹೆಸರೂ ಹೋತ್ರಿ. ಚಾಲೂ ಮಾಡ್ರಿ."

ಮುಂಜಾನೆಯಿಂದ ಹೊತ್ತಿಳಿಯುವವರೆಗೆ ಗಿರಣಿ ನಿಲ್ಲಲಿಲ್ಲ. ಅವರು ಊಟಕ್ಕೂ ಏಳದೆ ಇಂಜಿನ್ನಿನ ಪಕ್ಕದಲ್ಲೇ ಕುಳಿತಿದ್ದರು. ಸಂಜೆ ತೊಟ್ಟಿಯ ಎಣ್ಣೆ ತೆಗೆದು ನೋಡಿದರೆ ಅದರಲ್ಲಿ ಹನಿ ನೀರಿರಲಿಲ್ಲ, ಬೆರಳು ಅದ್ದಿದರೆ ಸುಡಲೂ ಇಲ್ಲ.

ಸುದ್ದಿ ಕೇಳಿ ರೋಣದ ಗಿರಣಿಯವರೊಬ್ಬರು ನೋಡಲು ಬಂದರು. ಬಗ್ಗಿ ಬಗ್ಗಿ ನೋಡಿ, "ಭಾಳ ಚಲೋ ಐತ್ರಿ. ಈ ತೊಟ್ಟಿ ಮುಂಬಯಿಂದ ತರಿಸೀರೇನು?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ ಎದ್ದು ನಿಂತರು. ಅವರನ್ನು ಅಷ್ಟು ಎತ್ತರವಾಗಿ ನಾನು ಎಂದೂ ನೋಡಿರಲಿಲ್ಲ.

"ಮುಂಬಯಿದಲ್ರಿ. ನರಗುಂದದಾಗ ಬಗ್ಗಿಸಿದ್ದು, ಗಜೇಂದ್ರಗಡದಾಗ ಕೂಡಿಸಿದ್ದು. ನಾ ಮಾಡೇನ್ರಿ."