ಗುರುವಾರದ ಪಾದಗಳು

ವರ್ತೂರಿನ ಇನ್ನಾಸಪ್ಪ ಹೊಲ ಮಾರಿ, ಉಳಿದ ಜಾಗದಲ್ಲಿ ಬಾಡಿಗೆ ಕೋಣೆಗಳನ್ನು ಕಟ್ಟಿಸಿಕೊಂಡಿದ್ದವನು. ಚರ್ಚಿಗೆ ತಪ್ಪದವನೆಂದು ಹೆಸರಿತ್ತು. ಬಾಡಿಗೆದಾರರ ಕಷ್ಟಸುಖ ಕೇಳುವವನೆಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪ್ರತಿ ಪವಿತ್ರ ಗುರುವಾರ ಫಾದರ್ ಹನ್ನೆರಡು ಮಂದಿಯ ಪಾದ ತೊಳೆಯುವಾಗ ಮೊದಲ ಕುರ್ಚಿ ಅವನದೇ. ಫಾದರ್ ಮುಂದೆ ಕೊಳಕು ಕಾಲು ಚಾಚುವುದುಂಟೇ ಎಂದು ಹನ್ನೆರಡೂ ಮಂದಿ ಮನೆಯಲ್ಲೇ ಉಜ್ಜಿ ತೊಳೆದುಕೊಂಡು ಹೋಗುವುದು ರೂಢಿ.

೨೦೧೧ರ ಆ ಗುರುವಾರ ಸಂಜೆ ಅವನು ನಲ್ಲಿಯ ಬಳಿ ಹಿಮ್ಮಡಿ ಉಜ್ಜುತ್ತಿದ್ದಾಗ, ಬಾಡಿಗೆಗಿದ್ದ ರಾಯಚೂರಿನ ಹೊಳೆವ್ವ ಕಾಂಕ್ರೀಟ್ ಕೆಲಸ ಮುಗಿಸಿ ಬಂದಳು. ಹಸಿ ಸಿಮೆಂಟು ಅವಳ ಪಾದಗಳನ್ನು ಸುಟ್ಟಿತ್ತು.

"ಯಪ್ಪಾ, ಒಂದೀಟು ನೀರು ಬಿಡ್ರಿ. ಕಾಲು ಉರಿಯಾಕ ಹತ್ಯಾವ."

ಇನ್ನಾಸಪ್ಪ ಸರಿದು ನಿಂತ. ನೋವಿಗೆ ಅವಳಿಂದ ಬಗ್ಗಲೂ ಆಗಲಿಲ್ಲ. ಅವಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಪಂಚೆ ಎತ್ತಿಕಟ್ಟಿ, ಬೇಡವೆಂದರೂ ಬಿಡದೆ ತಾನೇ ತೊಳೆದ. ಸಿಮೆಂಟಿನ ನೀರು ಹರಿದು ಅವನ ಕಾಲೂ ಬೂದಿಬಣ್ಣಕ್ಕೆ ತಿರುಗಿತು.

ಚರ್ಚಿನ ಗಂಟೆ ಹೊಡೆಯಿತು. ಹಾಗೇ ಚಪ್ಪಲಿ ಮೆಟ್ಟಿದ.

"ಅಯ್ಯೋ, ಕಾಲು ನೋಡ್ಕೊಳ್ರೀ!" ಹೆಂಡತಿ ಆರೋಗ್ಯಮ್ಮ ಕೂಗಿದಳು.

"ಇರ್ಲಿ ಬಿಡೇ," ಎಂದ ಇನ್ನಾಸಪ್ಪ. "ಈ ಸಲನಾದ್ರೂ ಫಾದರ್‌ಗೆ ತೊಳೆಯೋಕೆ ಏನಾದ್ರೂ ಸಿಗ್ಲಿ."